‘ಹೃದಯಾಘಾತ’ ಎಂಬ ಮಾತು: ಕಾಫಿಯ ಬೆಟ್ಟಗಳ ನೆಲೆಯಿಂದ ಒಂದು ವಿಮರ್ಶೆ

೧

ಶಾಸ್ತ್ರದ ಮಾತುಗಳ ಗುಣದೋಷಗಳನ್ನು ಅಳೆಯುವಾಗ ವಿದ್ವಾಂಸರು ಸಾಮಾನ್ಯವಾಗಿ ಎರಡು ಒರೆಗಲ್ಲುಗಳನ್ನು ಹಿಡಿಯುತ್ತಾರೆ. ಪದವು ವ್ಯಾಕರಣಕ್ಕೆ ಒಪ್ಪುವುದೇ ಎಂಬುದು ಒಂದು. ಮೂಲದ ಅರ್ಥವನ್ನು ತಪ್ಪಿಲ್ಲದೆ ತರುವುದೇ ಎಂಬುದು ಇನ್ನೊಂದು. ಖಗೋಳಶಾಸ್ತ್ರಕ್ಕೋ ರಸಾಯನಶಾಸ್ತ್ರಕ್ಕೋ ಇವೆರಡು ಸಾಕಾದೀತು. ಅಲ್ಲಿ ಮಾತು ಕೆಟ್ಟರೆ ತಿಳಿವಳಿಕೆ ಕೆಡುತ್ತದೆ. ಮುಂದಿನ ಮುದ್ರಣದಲ್ಲಿ ತಿದ್ದಿಕೊಳ್ಳಬಹುದು. ವೈದ್ಯಕ್ಕೆ ಮಾತ್ರ ಮೂರನೆಯ ಒರೆಗಲ್ಲೊಂದು ಬೇಕಾಗುತ್ತದೆ. ಆ ಮಾತನ್ನು ಕೇಳಿದವನು ಎದ್ದು ಏನು ಮಾಡುತ್ತಾನೆ, ಎಷ್ಟು ಹೊತ್ತಿನೊಳಗೆ ಮಾಡುತ್ತಾನೆ ಎಂಬುದೇ ಅದು. ರೋಗದ ಹೆಸರು ಒಂದು ವರ್ಣನೆಯಾಗಿರುವಂತೆಯೇ ಒಂದು ಆಜ್ಞೆಯೂ ಆಗಿರುತ್ತದೆ. ಹೆಸರು ತಪ್ಪು ದಾರಿಯನ್ನು ಸೂಚಿಸಿದರೆ ನಡೆಯುವವನು ತಪ್ಪು ದಾರಿಯಲ್ಲಿಯೇ ನಡೆಯುತ್ತಾನೆ.

ಈ ಮೂರನೆಯ ಒರೆಗಲ್ಲಿಗೆ ಉಜ್ಜಿ ನೋಡತಕ್ಕ ಮಾತುಗಳಲ್ಲಿ ‘ಹೃದಯಾಘಾತ’ ಎಂಬುದು ಮೊದಲನೆಯದು. ದಿನಪತ್ರಿಕೆಯಲ್ಲಿ, ಚರಮಲೇಖದಲ್ಲಿ, ಕಾದಂಬರಿಯ ಕೊನೆಯ ಅಧ್ಯಾಯದಲ್ಲಿ ಕನ್ನಡದ ವಾಚಕನು ಅದನ್ನು ಮೇಲಿಂದ ಮೇಲೆ ಕಾಣುತ್ತಾನೆ. ಅದರ ಪರೀಕ್ಷೆಗೆ ಚಿಕ್ಕಮಗಳೂರು, ಮೂಡಿಗೆರೆ, ಕಳಸಗಳ ಕಾಫಿಯ ಬೆಟ್ಟಗಳನ್ನು ನೆಲೆಯಾಗಿ ಇಟ್ಟುಕೊಳ್ಳುವುದಕ್ಕೆ ಕಾರಣಗಳು ಎರಡು. ದೊಡ್ಡ ಆಸ್ಪತ್ರೆಗೆ ಹೊತ್ತೇ ದೂರವಾಗಿರುವ ಆ ಸೀಮೆಯಲ್ಲಿ ಮಾತಿನ ಸಣ್ಣ ತಪ್ಪಿಗೂ ತೆರಬೇಕಾದ ದಂಡ ದೊಡ್ಡದು. ಅಲ್ಲದೆ, ಕಂಡದ್ದನ್ನು ಕಂಡಂತೆ ಹೇಳುವ ಶಾಸ್ತ್ರೀಯ ಕನ್ನಡ ಗದ್ಯದ ಒಂದು ಒಳ್ಳೆಯ ಮಾದರಿ ಆ ಬೆಟ್ಟಗಳಲ್ಲಿಯೇ ಹುಟ್ಟಿತು; ಈ ವಿಮರ್ಶೆಗೆ ಅದರಿಂದ ನೆರವು ದೊರೆಯುತ್ತದೆ.

೨

ಕನ್ನಡಕ್ಕೆ ಈ ಅವಯವದ ಹೆಸರುಗಳ ಬಡತನವಿಲ್ಲ. ‘ಎದೆ’ ಎಂಬ ದೇಶ್ಯಪದವು ಹೊರಗಣ ಮೈಯ ಭಾಗವನ್ನೂ ಒಳಗಣ ಅವಯವವನ್ನೂ ಧೈರ್ಯವೆಂಬ ಗುಣವನ್ನೂ ಒಟ್ಟಿಗೆ ಹೇಳುತ್ತದೆ. ಎದೆಗಾರ, ಎದೆಗುಂದು, ಎದೆಗೆಡು ಎಂಬ ಮಾತುಗಳು ಇದಕ್ಕೆ ಸಾಕ್ಷಿ. ‘ಗುಂಡಿಗೆ’ ಎಂಬುದು ಅವಯವಕ್ಕೇ ಹೆಚ್ಚು ಹತ್ತಿರದ್ದು. ಅದೂ ಧೈರ್ಯದ ಅರ್ಥಕ್ಕೆ ಹರಿದಿದೆ. ‘ಹೃದಯ’ ಎಂಬ ಸಂಸ್ಕೃತಪದವು ಕಾವ್ಯಮೀಮಾಂಸೆಯ ದಾರಿಯಿಂದ ಬಂದು ಭಾವದ ಮನೆಯಾಗಿ ನಿಂತಿದೆ. ಓದುಗನಲ್ಲಿ ಉತ್ತಮನು ‘ಸಹೃದಯ’ನೆನಿಸುತ್ತಾನೆ. ವೈದ್ಯಗ್ರಂಥಗಳಲ್ಲಿ ‘ಹೃದ್ರೋಗ’, ‘ಹೃಚ್ಛೂಲ’ ಎಂಬ ಹೆಸರುಗಳು ಬಹು ಹಳೆಯವು. ಚರಕಸಂಹಿತೆಯು ಹೃದ್ರೋಗವನ್ನು ಐದು ಬಗೆಯಾಗಿ ವಿಂಗಡಿಸುತ್ತದೆ. ಕನ್ನಡದಲ್ಲಿಯೂ ೧೪ನೆಯ ಶತಮಾನದ ಮಂಗರಾಜನು ‘ಖಗೇಂದ್ರಮಣಿದರ್ಪಣ’ದಲ್ಲಿ ವಿಷವೈದ್ಯವನ್ನು ಪದ್ಯದಲ್ಲಿ ನಿರೂಪಿಸಿದ್ದಾನೆ. ಪ್ರಾಣಕ್ಕೆ ಎರವಾಗುವ ಹೊತ್ತಿನ ಚಿಕಿತ್ಸೆಯನ್ನು ಹೇಳುವ ಶಕ್ತಿ ಕನ್ನಡಕ್ಕೆ ಹೊಸದಲ್ಲವೆಂಬುದು ಇದರಿಂದ ತಿಳಿದುಬರುತ್ತದೆ.

‘ಹೃದಯಾಘಾತ’ವು ಈ ಪರಂಪರೆಯಿಂದ ಬೆಳೆದು ಬಂದುದಲ್ಲ. ಇಂಗ್ಲಿಷಿನ ‘ಹಾರ್ಟ್ ಅಟ್ಯಾಕ್’ ಎಂಬ ಬಳಕೆಯ ಮಾತಿಗೆ ಸರಿಯಾಗಿ ಕಟ್ಟಿದ ಸಮಾಸ ಅದು. ಸಂಧಿಯಲ್ಲಿ ದೋಷವಿಲ್ಲ, ಸಮಾಸದಲ್ಲಿ ದೋಷವಿಲ್ಲ, ಕಿವಿಗೂ ಗಂಭೀರವಾಗಿದೆ. ಮೊದಲ ಎರಡು ಒರೆಗಲ್ಲುಗಳಲ್ಲಿ ಅದು ಗೆಲ್ಲುತ್ತದೆ. ತೊಡಕಿರುವುದು ಅದರ ವ್ಯಂಗ್ಯಾರ್ಥದಲ್ಲಿ. ‘ಆಘಾತ’ವೆಂದರೆ ಪೆಟ್ಟು. ಪೆಟ್ಟು ಹೊರಗಿನಿಂದ ಬೀಳುತ್ತದೆ. ಒಂದು ಕ್ಷಣದಲ್ಲಿ ಬೀಳುತ್ತದೆ. ಬಿದ್ದ ಮೇಲೆ ಮುಗಿದುಹೋಗುತ್ತದೆ. ಸಿಡಿಲು ಬಡಿದವನಿಗೆ ಸಿಡಿಲನ್ನು ತಡೆಯುವ ಉಪಾಯವನ್ನು ಯಾರೂ ಹೇಳುವುದಿಲ್ಲ. ಹೀಗೆ ಪದದೊಳಗೆ ಮೂರು ಧ್ವನಿಗಳು ಅಡಗಿವೆ: ಆಕಸ್ಮಿಕತೆ, ಕ್ಷಣಿಕತೆ, ಮುಕ್ತಾಯ. ರೋಗದ ನಿಜವಾದ ನಡೆಗೆ ಈ ಮೂರರಲ್ಲಿ ಕೊನೆಯ ಎರಡು ಸಲ್ಲುವುದಿಲ್ಲ.

ರೋಗದ ನಡೆಯಾದರೋ ಹೀಗಿದೆ. ಹೃದಯದ ಸ್ನಾಯುವಿಗೆ ರಕ್ತವನ್ನು ಒಯ್ಯುವ ಕಿರೀಟಧಮನಿಗಳ ಒಳಗೋಡೆಯಲ್ಲಿ ವರ್ಷಗಳ ಕಾಲ ಜಿಡ್ಡು ಕಟ್ಟುತ್ತದೆ. ಒಂದು ದಿನ ಆ ಜಿಡ್ಡಿನ ಹೊದಿಕೆ ಬಿರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ನಾಳ ಮುಚ್ಚುತ್ತದೆ. ಮುಚ್ಚಿದ ಕ್ಷಣದಲ್ಲಿಯೇ ಸ್ನಾಯು ಸಾಯುವುದಿಲ್ಲ. ಹೃದಯದ ಒಳಪದರದಿಂದ ಹೊರಪದರದ ಕಡೆಗೆ, ಗದ್ದೆಯ ಒಂದು ಅಂಚಿನಿಂದ ಬೆಂಕಿ ಹಬ್ಬುವಂತೆ, ಗಂಟೆಗಳ ಕಾಲ ಸ್ನಾಯು ಸಾಯುತ್ತ ಹೋಗುತ್ತದೆ. ಆ ಗಂಟೆಗಳೊಳಗೆ ನಾಳವನ್ನು ತೆರೆದರೆ ಉಳಿದ ಸ್ನಾಯು ಬದುಕುತ್ತದೆ. ಪೆಟ್ಟು ಎಂದು ಹೆಸರಿಟ್ಟದ್ದು ವಸ್ತುತಃ ಒಂದು ನಡೆಯುತ್ತಿರುವ ಕ್ರಿಯೆ.

ಇಂಗ್ಲಿಷಿನ ವೈದ್ಯರಿಗೂ ಈ ತಿಳಿವಳಿಕೆ ಸುಲಭವಾಗಿ ಬಂದುದಲ್ಲ. ಕಿರೀಟಧಮನಿ ಹಠಾತ್ತಾಗಿ ಮುಚ್ಚಿದರೆ ಮರಣ ತಪ್ಪದೆಂಬ ನಂಬಿಕೆ ಬಹುಕಾಲ ಇತ್ತು. ೧೯೧೨ರಲ್ಲಿ ಅಮೆರಿಕದ ಜೇಮ್ಸ್ ಹೆರಿಕ್ ಎಂಬ ವೈದ್ಯನು, ನಾಳ ಮುಚ್ಚಿದ ಮೇಲೆಯೂ ರೋಗಿ ಗಂಟೆಗಳು, ದಿನಗಳು, ಕೆಲವೊಮ್ಮೆ ವರ್ಷಗಳು ಬದುಕಬಹುದೆಂದು ತೋರಿಸಿ, ಬದುಕಿರುವಾಗಲೇ ರೋಗವನ್ನು ಗುರುತಿಸಬೇಕೆಂದು ವಾದಿಸಿದನು. ವೈದ್ಯಶಾಸ್ತ್ರವು ಅಂದು ಬಿಟ್ಟುಕೊಡಲು ತೊಡಗಿದ ಅಭಿಪ್ರಾಯವನ್ನು ಕನ್ನಡದ ಪದವು ಇಂದೂ ಹೊತ್ತುಕೊಂಡಿದೆ.

ಪದದ ನೆರೆಹೊರೆಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ‘ಹೃದಯಾಘಾತದಿಂದ’ ಎಂಬ ತೃತೀಯಾಂತ ರೂಪವು ಕನ್ನಡ ಬರವಣಿಗೆಯಲ್ಲಿ ಬಹುಮಟ್ಟಿಗೆ ‘ನಿಧನರಾದರು’, ‘ಮೃತಪಟ್ಟರು’, ‘ಕೊನೆಯುಸಿರೆಳೆದರು’ ಎಂಬ ಕ್ರಿಯಾಪದಗಳಿಗೇ ಅಂಟಿಕೊಂಡಿದೆ. ‘ಹೃದಯಾಘಾತದಿಂದ ಚೇತರಿಸಿಕೊಂಡರು’ ಎಂಬ ವಾಕ್ಯ ವ್ಯಾಕರಣಕ್ಕೆ ಸಾಧುವಾದರೂ ಕಿವಿಗೆ ಹೊಸದಾಗಿ ಕೇಳಿಸುತ್ತದೆ. ವಾಸ್ತವದಲ್ಲಿ ಚಿಕಿತ್ಸೆ ಪಡೆದು ಬದುಕಿದವರು ಊರೂರಿನಲ್ಲಿ ಇದ್ದಾರೆ. ಆದರೆ ಬದುಕಿದವನ ಸುದ್ದಿ ಅಚ್ಚಾಗುವುದಿಲ್ಲ. ಹೀಗಾಗಿ ಪದವು ಸಾವಿನ ಪರ್ಯಾಯನಾಮವಾಗಿದೆ. ಸಾವಿನ ಹೆಸರನ್ನು ತನ್ನ ನೋವಿಗೆ ಇಟ್ಟುಕೊಳ್ಳುವ ಮನಸ್ಸು ಯಾರಿಗೂ ಬರುವುದಿಲ್ಲವಷ್ಟೆ. ನಡೆದಾಡುತ್ತಿರುವ, ಮಾತಾಡುತ್ತಿರುವ ಮನುಷ್ಯನು ‘ಇದು ಹೃದಯಾಘಾತವಾಗಿರಲಾರದು’ ಎಂದು ತಾನೇ ತೀರ್ಮಾನಿಸುವುದಕ್ಕೆ ಭಾಷೆಯೂ ಒಂದು ಕಾರಣ.

೩

ಇದಕ್ಕೆ ಸೇರಿದ ಇನ್ನೊಂದು ಗೊಂದಲವಿದೆ. ‘ಹೃದಯಸ್ತಂಭನ’ ಎಂಬ ಮಾತನ್ನು ಪತ್ರಿಕೆಗಳು ‘ಹೃದಯಾಘಾತ’ಕ್ಕೆ ಪರ್ಯಾಯವಾಗಿ ಬಳಸುವುದುಂಟು. ಇವೆರಡು ಬೇರೆ. ಆಘಾತದಲ್ಲಿ ನಾಳ ಮುಚ್ಚಿರುತ್ತದೆ, ಹೃದಯ ಬಡಿಯುತ್ತಿರುತ್ತದೆ, ರೋಗಿಗೆ ಎಚ್ಚರವಿರುತ್ತದೆ. ಸ್ತಂಭನದಲ್ಲಿ ಹೃದಯ ರಕ್ತವನ್ನು ತಳ್ಳುವುದೇ ನಿಂತಿರುತ್ತದೆ. ರೋಗಿ ಕುಸಿದು ಬಿದ್ದು ಎಚ್ಚರ ತಪ್ಪಿರುತ್ತಾನೆ. ಮೊದಲನೆಯದು ಎರಡನೆಯದಕ್ಕೆ ಕಾರಣವಾಗಬಹುದು. ಎರಡೂ ಒಂದೇ ಅಲ್ಲ. ಹೆಸರು ಬೇರೆಯಾದಂತೆ ಕರ್ತವ್ಯವೂ ಬೇರೆ. ಮೊದಲನೆಯದಕ್ಕೆ ಇಸಿಜಿ, ಔಷಧಿ, ಪ್ರಯಾಣ. ಎರಡನೆಯದಕ್ಕೆ ಹತ್ತಿರ ನಿಂತವನು ಆ ಕ್ಷಣದಲ್ಲಿಯೇ ಎದೆಯ ನಡುವೆ ಎರಡು ಅಂಗೈಗಳನ್ನು ಊರಿ, ನಿಮಿಷಕ್ಕೆ ೧೦೦ರಿಂದ ೧೨೦ ಸಲದಂತೆ ಒತ್ತತೊಡಗುವುದು. ಪದಗಳನ್ನು ಕೂಡಿಸಿಬಿಟ್ಟರೆ ಕುಸಿದವನನ್ನು ವಾಹನಕ್ಕಾಗಿ ಕಾಯಿಸುವುದೂ, ಎಚ್ಚರವಾಗಿರುವವನನ್ನು ‘ಬಿದ್ದಿಲ್ಲವಲ್ಲ’ ಎಂದು ಮನೆಯಲ್ಲಿ ಕೂರಿಸುವುದೂ ಆಗುತ್ತದೆ.

೨೦೨೫ರ ಮೇ, ಜೂನ್ ತಿಂಗಳುಗಳಲ್ಲಿ ನೆರೆಯ ಹಾಸನ ಜಿಲ್ಲೆಯಲ್ಲಿ ನಡೆದ ಹಠಾತ್ ಮರಣಗಳ ವರದಿಗಳು ಈ ಪದದ ಬಲವನ್ನು ತೋರಿಸಿದವು. ಕಾರಣ ತಿಳಿಯುವ ಮುನ್ನವೇ ಎಲ್ಲ ಮರಣಗಳೂ ‘ಹೃದಯಾಘಾತ’ದ ತಲೆಬರಹದ ಅಡಿಯಲ್ಲಿ ಸೇರಿದವು. ಸರ್ಕಾರ ನೇಮಿಸಿದ ತಜ್ಞರ ಸಮಿತಿ ಪರಿಶೀಲಿಸಿದಾಗ ಅವುಗಳಲ್ಲಿ ಕೆಲವಕ್ಕೆ ಹೃದಯದ ಸಂಬಂಧವೇ ಇರಲಿಲ್ಲವೆಂದು ಕಂಡುಬಂದಿತು. ಆ ವೇಳೆಗೆ ನೋವಿಲ್ಲದವರೂ ಭಯದಿಂದ ಹೃದಯದ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದ್ದರು. ಹೆಸರೇ ಭಯವನ್ನು ಹುಟ್ಟಿಸಿತು. ನೋವು ಬಂದಾಗ ಮಾಡಬೇಕಾದುದನ್ನು ಆ ಹೆಸರು ಕಲಿಸಲಿಲ್ಲ.

೪

ಗ್ರಂಥದ ಪದವನ್ನು ಬಿಟ್ಟು ರೋಗಿಯ ಮಾತಿಗೆ ಬಂದರೆ ಬೇರೊಂದು ಭಾಷೆಯೇ ಕೇಳಿಸುತ್ತದೆ. ಕಾಫಿತೋಟದ ಲೈನುಮನೆಯಲ್ಲಿಯಾಗಲಿ ಮಾಲೀಕನ ಬಂಗಲೆಯಲ್ಲಿಯಾಗಲಿ ‘ನನಗೆ ಹೃದಯಾಘಾತವಾಗಿದೆ’ ಎಂದು ಯಾರೂ ಹೇಳುವುದಿಲ್ಲ. ‘ಎದೆ ಒತ್ತಿದ ಹಾಗೆ ಆಗ್ತದೆ’, ‘ಎದೆ ಹಿಡ್ಕೊಂಡಿದೆ’, ‘ರಟ್ಟೆ ಸೆಳೀತದೆ’, ‘ಏನೋ ಸಂಕಟ, ಬೆವರು ಕಿತ್ಕೊಂಡು ಬಂತು’ ಎಂಬಿವು ಅಲ್ಲಿಯ ಮಾತುಗಳು. ಇವುಗಳ ಹಿಂದೆಯೇ ಒಂದು ವ್ಯಾಖ್ಯಾನವೂ ಬರುತ್ತದೆ: ‘ಗ್ಯಾಸ್ ಆಗಿರ್ಬೇಕು.’ ಹಿಂದಿನ ತಲೆಮಾರಿನ ‘ವಾಯು’ವಿನ ಸ್ಥಾನವನ್ನು ಇಂದು ‘ಗ್ಯಾಸ್ಟ್ರಿಕ್’ ಎಂಬ ಮಾತು ಪಡೆದಿದೆ. ಅದೂ ಇಂಗ್ಲಿಷಿನಿಂದಲೇ ಬಂದುದಾದರೂ ಅದರಲ್ಲಿ ಸಾವಿನ ವಾಸನೆಯಿಲ್ಲ. ಒಂದು ಲೋಟ ಜೀರಿಗೆ ಕಷಾಯದಿಂದಲೋ ಅಂಗಡಿಯ ಒಂದು ಗುಳಿಗೆಯಿಂದಲೋ ಇಳಿಯಬಹುದಾದ ತೊಂದರೆ ಅದು. ಒಂದು ಕಡೆ ಅತಿ ಭಯಂಕರವಾದ ಪದ; ಇನ್ನೊಂದು ಕಡೆ ಅತಿ ಸೌಮ್ಯವಾದ ಪದ. ನಡುವೆ ನಿಂತ ಮನುಷ್ಯನು ಸೌಮ್ಯವಾದುದನ್ನು ಆರಿಸಿಕೊಳ್ಳುವುದು ಸಹಜ.

ಈ ಆಯ್ಕೆಗೆ ಶರೀರವೂ ನೆರವಾಗುತ್ತದೆ. ಹೃದಯದ ಕೆಳಗೋಡೆಗೆ ರಕ್ತ ಕಡಮೆಯಾದಾಗ ನೋವು ಹೊಟ್ಟೆಯ ಮೇಲ್ಭಾಗದಲ್ಲಿ ಕಾಣಿಸಿಕೊಂಡು ಓಕರಿಕೆ, ವಾಂತಿಗಳೂ ಜೊತೆಗೂಡಬಹುದು. ಮಧುಮೇಹಿಗಳಲ್ಲಿ, ವೃದ್ಧರಲ್ಲಿ, ಹೆಂಗಸರಲ್ಲಿ ಎದೆನೋವಿಲ್ಲದೆ ಏದುಸಿರೋ ಸುಸ್ತೋ ಮಾತ್ರ ಇರುವುದುಂಟು. ಆರೋಗ್ಯಪ್ರಚಾರದ ಕನ್ನಡ ಬರಹಗಳು ಸಾಮಾನ್ಯವಾಗಿ ‘ಎದೆಯ ಎಡಭಾಗದಲ್ಲಿ ತೀವ್ರವಾದ ನೋವು’ ಎಂದು ಬರೆಯುತ್ತವೆ. ಈ ವರ್ಣನೆ ಅರ್ಧಸತ್ಯ. ರೋಗಿಗಳಲ್ಲಿ ಅನೇಕರು ಹೇಳುವುದು ಎದೆಯ ನಡುವಣ ಭಾರವನ್ನು, ಬಿಗಿತವನ್ನು, ಉರಿಯನ್ನು. ಅದನ್ನು ಅವರು ‘ನೋವು’ ಎಂದು ಎಣಿಸುವುದೇ ಇಲ್ಲ. ಆದುದರಿಂದ ‘ಎದೆನೋವಿದೆಯೇ?’ ಎಂದು ವೈದ್ಯನು ಕೇಳಿದರೆ ‘ಇಲ್ಲ’ ಎಂಬ ಪ್ರಾಮಾಣಿಕವಾದ ಉತ್ತರ ಬರುತ್ತದೆ. ಆ ಉತ್ತರದಿಂದಲೇ ಅನರ್ಥವೂ ಆಗಬಹುದು. ‘ನೋವು’ ಎಂಬ ಒಂದೇ ಪದದಿಂದ ಒತ್ತು, ಬಿಗಿ, ಭಾರ, ಉರಿ, ಸೆಳೆತ, ಸಂಕಟಗಳನ್ನು ಮುಚ್ಚಿದ ಬರವಣಿಗೆಯು ಕನ್ನಡದ ಸಂಪತ್ತನ್ನು ಕಡೆಗಣಿಸಿದುದಾಗಿದೆ. ಮಲೆನಾಡಿನಲ್ಲಿ ಕನ್ನಡದೊಡನೆ ತುಳು, ಕೊಂಕಣಿ, ಬ್ಯಾರಿ, ತಮಿಳು, ಮಲಯಾಳಗಳು ಕೇಳಿಸುತ್ತವೆ. ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದವರ ಮಾತೂ ಈಚೆಗೆ ಸೇರಿದೆ. ಪ್ರತಿಯೊಂದರಲ್ಲಿಯೂ ಎದೆಯ ಬಾಧೆಗೆ ಅದರದೇ ಮಾತುಗಳಿರುತ್ತವೆ. ಅವನ್ನು ಕೂಡಿಸಿಡುವುದು ಜಾನಪದ ವಿದ್ವಾಂಸರೂ ವೈದ್ಯರೂ ಒಟ್ಟಾಗಿ ಮಾಡತಕ್ಕ ಕೆಲಸ.

೫

ರೋಗಿಯ ಮಾತು ಹೀಗೆ ಅಸ್ಪಷ್ಟವಾಗಿರುವುದರಿಂದಲೇ ಇಸಿಜಿಗೆ ಇಷ್ಟು ಬೆಲೆ. ೧೮೮೭ರಲ್ಲಿ ಲಂಡನ್ನಿನ ಅಗಸ್ಟಸ್ ವಾಲರ್ ಮನುಷ್ಯಹೃದಯದ ವಿದ್ಯುತ್ತನ್ನು ಮೊದಲು ದಾಖಲಿಸಿದನು. ಹಾಲೆಂಡಿನ ಲೈಡನ್ನಿನಲ್ಲಿದ್ದ ವಿಲೆಮ್ ಐಂಟ್‌ಹೋವನ್ ೨೦ನೆಯ ಶತಮಾನದ ಆದಿಯಲ್ಲಿ ಅದಕ್ಕೆ ಸೂಕ್ಷ್ಮವಾದ ಯಂತ್ರವನ್ನು ಕಟ್ಟಿ, ಅದಕ್ಕಾಗಿ ೧೯೨೪ರ ನೊಬೆಲ್ ಪಾರಿತೋಷಕವನ್ನು ಪಡೆದನು. ಪಿ, ಕ್ಯೂ, ಆರ್, ಎಸ್, ಟಿ ಎಂಬ ಅಲೆಗಳ ಹೆಸರುಗಳು ಆತನವೇ. ಆತನ ಯಂತ್ರ ಅಲುಗಿಸಲಾಗದಷ್ಟು ದೊಡ್ಡದು, ರೋಗಿಗಳು ಆಸ್ಪತ್ರೆಯಲ್ಲಿದ್ದರು. ಆದುದರಿಂದ ಆತನು ೧೯೦೫ರಲ್ಲಿ ಸುಮಾರು ಒಂದೂವರೆ ಕಿಲೋಮೀಟರ್ ದೂರದಿಂದ ದೂರವಾಣಿಯ ತಂತಿಯ ಮೂಲಕ ಹೃದಯದ ಲೇಖವನ್ನು ತನ್ನ ಪ್ರಯೋಗಶಾಲೆಗೆ ತರಿಸಿಕೊಂಡನು. ಹಳ್ಳಿಯ ಇಸಿಜಿಯನ್ನು ದೂರದ ತಜ್ಞನು ಓದುವ ಈಗಿನ ಏರ್ಪಾಡಿನ ಬೀಜ ಯಂತ್ರದ ಬಾಲ್ಯದಲ್ಲಿಯೇ ಇತ್ತು. ನಾಳ ಮುಚ್ಚಿದಾಗ ಎಸ್‌-ಟಿ ಎಂಬ ಭಾಗ ಮೇಲಕ್ಕೇಳುವುದನ್ನು ೧೯೨೦ರಲ್ಲಿ ಹೆರಾಲ್ಡ್ ಪಾರ್ಡೀ ವಿವರಿಸಿದನು. ಎದೆಯ ಮೇಲಣ ತಂತಿಗಳು ಮುಂದೆ ಸೇರಿದವು.

ಇಂದಿನ ಸಾಮಾನ್ಯ ಇಸಿಜಿಯಲ್ಲಿ ಮೈಗೆ ಹಚ್ಚುವುದು ೧೦ ತಂತಿಗಳನ್ನು. ದೊರೆಯುವ ನೋಟಗಳು ೧೨. ಕಾಗದವು ಸೆಕೆಂಡಿಗೆ ೨೫ ಮಿಲಿಮೀಟರ್ ಓಡುತ್ತದೆ. ಒಂದು ಸಣ್ಣ ಚೌಕವೆಂದರೆ ೦.೦೪ ಸೆಕೆಂಡು. ಗ್ರಂಥಸಂಪಾದನೆಯ ಅಭ್ಯಾಸವಿರುವವರಿಗೆ ಇದರ ಓದು ಅಪರಿಚಿತವಾಗಿ ತೋರಲಾರದು. ಒಂದೇ ಬಡಿತಕ್ಕೆ ೧೨ ಪ್ರತಿಗಳಿವೆ. ಒಂದು ಪ್ರತಿಯ ಪಾಠವನ್ನು ಮಾತ್ರ ನಂಬಿ ತೀರ್ಮಾನಿಸುವಂತಿಲ್ಲ. ನೆರೆಯ ಎರಡು ನೋಟಗಳಲ್ಲಿಯಾದರೂ ಎಸ್‌-ಟಿ ಏರಿರಬೇಕು. ಎರಡು, ಮೂರು, ಎ-ವಿ-ಎಫ್ ಎಂಬ ನೋಟಗಳಲ್ಲಿ ಏರಿದ್ದರೆ ಕೆಳಗೋಡೆಯ ತೊಂದರೆ. ವಿ-೧ರಿಂದ ವಿ-೪ರ ವರೆಗೆ ಏರಿದ್ದರೆ ಮುಂಗೋಡೆಯದು. ಎದುರುಗಡೆಯ ನೋಟಗಳಲ್ಲಿ ಅದೇ ಭಾಗ ತಗ್ಗಿದ್ದರೆ ಓದಿಗೆ ಬಲ ಬರುತ್ತದೆ. ರೋಗಿಯ ಹಳೆಯ ಇಸಿಜಿ ದೊರೆತರೆ ಅದು ಪ್ರಾಚೀನ ಪ್ರತಿಯಂತೆ. ಹೊಸ ವ್ಯತ್ಯಾಸ ಯಾವುದು, ಮೊದಲಿಂದ ಇದ್ದುದು ಯಾವುದು ಎಂಬುದನ್ನು ಅದು ತೀರ್ಮಾನಿಸುತ್ತದೆ. ಹೃದಯದ ಹೊದಿಕೆಯ ಉರಿಯೂತ, ಹೃದಯದ ಗೋಡೆಯ ದಪ್ಪ ಮೊದಲಾದವು ಇದೇ ಪಾಠವನ್ನು ಅನುಕರಿಸಬಹುದಾದುದರಿಂದ ಓದುವವನಿಗೆ ವಿವೇಕ ಬೇಕು. ಯಂತ್ರವೇ ಮುದ್ರಿಸಿಕೊಡುವ ತೀರ್ಪನ್ನು ಮಾತ್ರ ನೆಚ್ಚಲಾಗದು.

ಇಲ್ಲಿಯೂ ಒಂದು ವಾಕ್ಯದ ವಿಮರ್ಶೆ ಅಗತ್ಯ. ‘ಇಸಿಜಿ ನಾರ್ಮಲ್’ ಎಂಬುದೇ ಆ ವಾಕ್ಯ. ಹೇಳುವವನ ಅರ್ಥ: ಈ ಕಾಗದದಲ್ಲಿ, ಈ ಕ್ಷಣದಲ್ಲಿ, ಬದಲಾವಣೆ ಕಾಣುತ್ತಿಲ್ಲ. ಕೇಳುವವನು ಗ್ರಹಿಸುವುದು: ಹೃದಯಕ್ಕೆ ಏನೂ ಆಗಿಲ್ಲ, ಮನೆಗೆ ಹೋಗಬಹುದು. ಮೊದಲ ಇಸಿಜಿ ಸರಿಯಾಗಿಯೇ ಕಂಡು, ಕಾಲು ಗಂಟೆಯೋ ಅರ್ಧ ಗಂಟೆಯೋ ಕಳೆದ ಮೇಲೆ ತೆಗೆದ ಎರಡನೆಯದರಲ್ಲಿ ಬದಲಾವಣೆ ಮೂಡುವುದುಂಟು. ಎಸ್‌-ಟಿ ಏರದೆಯೇ ರಕ್ತದ ಟ್ರೋಪೊನಿನ್ ಪರೀಕ್ಷೆಯಿಂದ ಮಾತ್ರ ಗೊತ್ತಾಗುವ ಆಘಾತವೂ ಉಂಟು. ‘ಈಗಿನ ಇಸಿಜಿಯಲ್ಲಿ ಕಾಣುತ್ತಿಲ್ಲ, ನೋವು ಇರುವ ತನಕ ಇಲ್ಲಿಯೇ ಇರಿ, ಮತ್ತೆ ತೆಗೆಯುತ್ತೇವೆ’ ಎಂಬುದು ಸ್ವಲ್ಪ ಉದ್ದವಾದರೂ ನಿಜವಾದ ವಾಕ್ಯ. ನಾಲ್ಕು ಮಾತುಗಳ ಉಳಿತಾಯಕ್ಕಾಗಿ ಅದನ್ನು ಕತ್ತರಿಸುವುದು ಉಚಿತವಲ್ಲ.

ಪಾರಿಭಾಷಿಕ ಪದದ ವಿಷಯದಲ್ಲಿಯೂ ಒಂದು ಮಾತು. ‘ವಿದ್ಯುತ್‌ಹೃಲ್ಲೇಖ’ ಎಂಬಂಥ ರಚನೆಗಳು ಶುದ್ಧ ಸಂಸ್ಕೃತ ಸಮಾಸಗಳು. ಲಾಕ್ಷಣಿಕರು ತಪ್ಪು ಹಿಡಿಯಲಾರರು. ‘ಇಸಿಜಿ ಪಟ್ಟಿ’ ಎಂಬುದು ಅರಿಸಮಾಸದ ಗುಂಪಿಗೆ ಸೇರಬೇಕಾದೀತು. ಆದರೆ ‘ಇಸಿಜಿ ತೆಗೆಸಿದಿರಾ?’ ಎಂಬ ಪ್ರಶ್ನೆ ಕೊಟ್ಟಿಗೆಹಾರದ ಅಂಗಡಿಯಲ್ಲಿಯೂ ಅರ್ಥವಾಗುತ್ತದೆ. ಅರ್ಥವಾದ ಮಾತನ್ನು ತೆಗೆದು ಅರ್ಥವಾಗದ ಮಾತನ್ನು ಕೂರಿಸುವುದು ಭಾಷಾಸೇವೆಯೆನಿಸದು.

೬

ಈಗ ಬೆಟ್ಟಗಳ ದಾರಿಯನ್ನೂ ಹೊತ್ತನ್ನೂ ಗಮನಿಸಬೇಕು. ಮೂಡಿಗೆರೆಯಿಂದ ಜಿಲ್ಲಾಕೇಂದ್ರವಾದ ಚಿಕ್ಕಮಗಳೂರಿಗೆ ಸುಮಾರು ೩೦ ಕಿಲೋಮೀಟರ್. ಕಳಸದಿಂದ ಸುಮಾರು ೯೦. ಘಟ್ಟದ ಕೆಳಗಣ ಮಂಗಳೂರಿಗೆ ಹೋಗುವವರು ಚಾರ್ಮಾಡಿಯನ್ನೋ ಕುದುರೆಮುಖದ ದಾರಿಯನ್ನೋ ಹಿಡಿಯಬೇಕು. ೨೦೧೯ರ ಆಗಸ್ಟಿನ ಮಳೆಯಲ್ಲಿ ಚಾರ್ಮಾಡಿ ಘಟ್ಟ ಕುಸಿದು ಸಂಚಾರ ನಿಂತಿತ್ತು. ಭದ್ರೆ ಉಕ್ಕಿ ಹೆಬ್ಬಾಳೆಯ ಸೇತುವೆ ಮುಳುಗಿದ ಮಳೆಗಾಲಗಳನ್ನು ಕಳಸ–ಹೊರನಾಡಿನವರು ಚೆನ್ನಾಗಿ ಬಲ್ಲರು.

ವೈದ್ಯಶಾಸ್ತ್ರದ ನಿಯಮಗಳೋ ನಿಮಿಷಗಳಲ್ಲಿವೆ. ರೋಗಿ ವೈದ್ಯನನ್ನು ಮುಟ್ಟಿದ ೧೦ ನಿಮಿಷಗಳೊಳಗೆ ಇಸಿಜಿ ಆಗಬೇಕು. ಎಸ್‌-ಟಿ ಏರಿದೆಯೆಂದು ಗೊತ್ತಾದ ೧೨೦ ನಿಮಿಷಗಳೊಳಗೆ ಬಲೂನಿನಿಂದ ನಾಳವನ್ನು ತೆರೆಯಬಲ್ಲ ಆಸ್ಪತ್ರೆಯಲ್ಲಿ ಆ ಚಿಕಿತ್ಸೆ ನಡೆಯುವಂತಿದ್ದರೆ ಅದೇ ಉತ್ತಮ. ಆಗದಿದ್ದರೆ ಹೆಪ್ಪನ್ನು ಕರಗಿಸುವ ಚುಚ್ಚುಮದ್ದನ್ನು ಅಲ್ಲಿಯೇ ಕೊಟ್ಟು, ಅನಂತರ ರೋಗಿಯನ್ನು ಸಾಗಿಸಬೇಕು. ರಕ್ತಸ್ರಾವದ ಅಪಾಯವಿರುವವರಿಗೆ ಆ ಮದ್ದು ಸಲ್ಲದಾದುದರಿಂದ ಅದಕ್ಕೆ ಮುನ್ನ ವಿಚಾರಣೆ ಬೇಕು. ನೋವು ಆರಂಭವಾದ ೧೨ ಗಂಟೆಗಳವರೆಗೆ ಅದರ ಪ್ರಯೋಜನವಿದ್ದರೂ ಮೊದಲ ಗಂಟೆಗಳಲ್ಲಿಯೇ ಹೆಚ್ಚು. ೧೯೮೮ರಲ್ಲಿ ಪ್ರಕಟವಾದ ಐಸಿಸ್-೨ ಎಂಬ ಪರೀಕ್ಷೆಯಲ್ಲಿ ೧೭,೧೮೭ ಮಂದಿ ರೋಗಿಗಳಿದ್ದರು. ಆಸ್ಪಿರಿನ್ನಿನಂಥ ಅಗ್ಗದ ಗುಳಿಗೆಯೊಂದರಿಂದಲೇ ಐದು ವಾರಗಳೊಳಗಣ ಹೃದಯ, ರಕ್ತನಾಳ ಸಂಬಂಧದ ಮರಣಗಳು ಶೇಕಡ ೨೩ರಷ್ಟೂ, ಹೆಪ್ಪು ಕರಗಿಸುವ ಸ್ಟ್ರೆಪ್ಟೊಕೈನೇಸನ್ನು ಅದರೊಡನೆ ಕೊಟ್ಟಾಗ ಶೇಕಡ ೪೨ರಷ್ಟೂ ಕಡಮೆಯಾದುವೆಂದು ಅದು ತೋರಿಸಿತು. ಬೆಟ್ಟದ ಊರಿನ ಚಿಕಿತ್ಸಾಲಯವು ರೋಗಿಯನ್ನು ಮುಂದಕ್ಕೆ ಕಳುಹಿಸುವ ಬಾಗಿಲು ಮಾತ್ರವಲ್ಲ, ಚಿಕಿತ್ಸೆ ತೊಡಗುವ ಸ್ಥಳವೂ ಹೌದೆಂಬುದು ಇದರ ತಾತ್ಪರ್ಯ.

ಈ ತಾತ್ಪರ್ಯವನ್ನು ಆಚರಣೆಗೆ ತಂದ ಎರಡು ಯತ್ನಗಳು ಕರ್ನಾಟಕದಲ್ಲಿ ಕಾಣುತ್ತವೆ. ೨೦೧೮ರಲ್ಲಿ ಮಂಗಳೂರಿನ ಹೃದ್ರೋಗತಜ್ಞ ಡಾ. ಪದ್ಮನಾಭ ಕಾಮತರು ‘ಕಾರ್ಡಿಯಾಲಜಿ ಅಟ್ ಡೋರ್‌ಸ್ಟೆಪ್’ ಎಂಬ ಕಾರ್ಯವನ್ನು ತೊಡಗಿದರು. ಹಳ್ಳಿಗಾಡಿನ ಚಿಕಿತ್ಸಾಲಯಗಳಿಗೆ ಇಸಿಜಿ ಯಂತ್ರಗಳನ್ನು ಒದಗಿಸುವುದು, ಅಲ್ಲಿ ತೆಗೆದ ಪಟ್ಟಿಯ ಚಿತ್ರವನ್ನು ವಾಟ್ಸ್‌ಆ್ಯಪಿನ ಮೂಲಕ ತರಿಸಿಕೊಂಡು ಓದಿ ಉತ್ತರ ಹೇಳುವುದು ಅದರ ಕ್ರಮ. ಕರಾವಳಿಯಿಂದ ಹೊರಟು ಅದು ಚಿಕ್ಕಮಗಳೂರು ಮೊದಲಾದ ಮಲೆನಾಡಿನ ಜಿಲ್ಲೆಗಳಿಗೂ ಹಬ್ಬಿತು. ಎರಡನೆಯದು ೨೦೨೧ರ ಅಕ್ಟೋಬರ್ ೨೯ರಂದು ೪೬ನೆಯ ವಯಸ್ಸಿನಲ್ಲಿ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರರ ಹೆಸರಿನಲ್ಲಿ ರಾಜ್ಯ ಸರ್ಕಾರ ನಡೆಸುವ ‘ಹೃದಯ ಜ್ಯೋತಿ’ ಯೋಜನೆ. ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವ ಹೃದ್ರೋಗ ಸಂಸ್ಥೆಯೇ ಮೊದಲಾದ ಕೇಂದ್ರಗಳ ತಜ್ಞರು ಓದುತ್ತಾರೆ. ಅಗತ್ಯವಾದರೆ ಟೆನೆಕ್ಟೆಪ್ಲೇಸ್ ಎಂಬ ಬೆಲೆಯುಳ್ಳ ಚುಚ್ಚುಮದ್ದನ್ನು ಆ ಆಸ್ಪತ್ರೆಯಲ್ಲಿಯೇ ಉಚಿತವಾಗಿ ಕೊಡುತ್ತಾರೆ. ಐಂಟ್‌ಹೋವನ್ನನ ಒಂದೂವರೆ ಕಿಲೋಮೀಟರಿನ ತಂತಿ ಹೀಗೆ ಬೆಟ್ಟಗಳನ್ನು ಹತ್ತಿ ಬಂದಿದೆ.

ಆದರೆ ಯಂತ್ರವಾಗಲಿ ಯೋಜನೆಯಾಗಲಿ ಕೆಲಸಕ್ಕೆ ತೊಡಗುವುದು ರೋಗಿ ಬಾಗಿಲಿಗೆ ಬಂದ ಮೇಲೆ. ಮನೆಯಲ್ಲಿ ಕಷಾಯ ಕುಡಿದು ಕಾದ ಹೊತ್ತನ್ನು ಯಾವ ತಂತಿಯೂ ತಿರುಗಿ ತರಲಾರದು. ಆ ಹೊತ್ತನ್ನು ಕಡಮೆ ಮಾಡಬಲ್ಲುದು ಮಾತು. ‘ಗೋಲ್ಡನ್ ಅವರ್’ ಎಂಬುದನ್ನು ‘ಸುವರ್ಣ ಗಂಟೆ’ ಎಂದು ಕನ್ನಡಿಸಿ ಈ ಕೆಲಸ ಆಯಿತೆಂದು ಭಾವಿಸಿದವರುಂಟು. ದೇವಾಲಯದ ಗಂಟೆಯನ್ನೋ ಶುಭಸಮಾರಂಭವನ್ನೋ ನೆನಪಿಗೆ ತರುವ ಆ ಮಾತಿನಲ್ಲಿ ಆತುರದ ಧ್ವನಿಯಿಲ್ಲ. ಕನ್ನಡಕ್ಕೆ ಹೊತ್ತಿನ ಅಳತೆಯಾಗಿ ‘ಗಳಿಗೆ’ ಇದೆ. ಒಂದು ಗಳಿಗೆಗೆ ೨೪ ನಿಮಿಷ. ಇಸಿಜಿಗೆ ಅರ್ಧ ಗಳಿಗೆಗೂ ಕಡಮೆ. ನಾಳ ತೆರೆಯುವುದಕ್ಕೆ ಐದು ಗಳಿಗೆ. ಮದ್ದಿನ ಕೊನೆಯ ಮಿತಿ ಮೂವತ್ತು ಗಳಿಗೆ. ‘ಗಳಿಗೆ ಮೀರಿತು’ ಎಂಬ ಮಾತಿನ ಭಾರ ಮದುವೆಯ ಮುಹೂರ್ತಕ್ಕೆ ಓಡಿದವರಿಗೆಲ್ಲ ಗೊತ್ತು. ಜನರು ಮೊದಲೇ ಅಂಜುವ ಮಾತನ್ನು ಬಿಟ್ಟು ಹೊಳಪಿನ ಮಾತನ್ನು ತಂದುದು ಅನುವಾದಕರ ಪ್ರಮಾದ.

೭

ಈ ವಿಷಯಕ್ಕೆ ತಕ್ಕ ಗದ್ಯ ಯಾವುದು ಎಂಬ ಪ್ರಶ್ನೆಗೆ ಮೂಡಿಗೆರೆಯಲ್ಲಿಯೇ ಉತ್ತರದ ಒಂದು ಭಾಗ ದೊರೆಯುತ್ತದೆ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (೧೯೮೦) ಕಾದಂಬರಿಯಲ್ಲಿ ವಿಜ್ಞಾನಿ ಕರ್ವಾಲೊ ಒಬ್ಬ ಪಂಡಿತ. ಮಂದಣ್ಣ ಊರವರ ಲೆಕ್ಕದಲ್ಲಿ ನಿಷ್ಪ್ರಯೋಜಕ. ಹಾರುವ ಓತಿಯನ್ನು ಮೊದಲು ಕಂಡವನು ಮಂದಣ್ಣ. ಅವನ ಹೇಳಿಕೆಯನ್ನು ಹಳ್ಳಿಗನ ಹರಟೆಯೆಂದು ತಳ್ಳಿಹಾಕದೆ ಸಾಕ್ಷ್ಯವೆಂದು ಸ್ವೀಕರಿಸಿದುದರಲ್ಲಿ ಕರ್ವಾಲೊನ ಹಿರಿಮೆಯಿದೆ. ಕಂಡವನಿಗೆ ಹೆಸರು ತಿಳಿಯದು. ಹೆಸರು ತಿಳಿದವನು ಕಂಡಿಲ್ಲ. ಇಬ್ಬರೂ ಕೂಡಿದರೆ ಮಾತ್ರ ಜ್ಞಾನ. ಕಾದಂಬರಿಯ ಗದ್ಯವೂ ಇದಕ್ಕೆ ಒಪ್ಪುವಂತಿದೆ: ವಸ್ತುವನ್ನು ಮೊದಲು ಕಾಣಿಸುತ್ತದೆ, ಹೆಸರನ್ನು ಆಮೇಲೆ ಇಡುತ್ತದೆ.

ಕಾದಂಬರಿಯ ಈ ವಿನ್ಯಾಸವು ಇಸಿಜಿಯ ಏರ್ಪಾಡಿನ ವಿನ್ಯಾಸವೇ ಆಗಿದೆ. ‘ಎದೆ ಹಿಡ್ಕೊಂಡಿದೆ’ ಎಂದವನೂ, ಅದನ್ನು ಕೇಳಿ ತಡಮಾಡದೆ ತಂತಿಗಳನ್ನು ಹಚ್ಚಿದ ದಾದಿಯೂ ಕಂಡವರು. ದೂರದಲ್ಲಿ ಪಟ್ಟಿಯನ್ನು ಓದುವ ತಜ್ಞನು ಹೆಸರು ಬಲ್ಲವನು. ಮೊದಲಿನವರ ಮಾತಿಗೆ ಬೆಲೆಯಿಲ್ಲದಿದ್ದರೆ ಎರಡನೆಯವನ ವಿದ್ಯೆಗೆ ಕೆಲಸವಿಲ್ಲ. ಹೃದ್ರೋಗವನ್ನು ಕುರಿತ ಕನ್ನಡ ಬರಹಗಳಲ್ಲಿ ಬಹುಮಂದಿ ಲೇಖಕರು ಕ್ರಮವನ್ನು ತಿರುಗುಮುರುಗು ಮಾಡುತ್ತಾರೆ. ಮೊದಲು ಹೆಸರು, ಆಮೇಲೆ ಲಕ್ಷಣಗಳ ಪಟ್ಟಿ, ಕೊನೆಗೆ ‘ತಜ್ಞರನ್ನು ಸಂಪರ್ಕಿಸಿ’ ಎಂಬ ಸಲಹೆ. ಅಂಥ ಬರಹ ತಪ್ಪು ಹೇಳುವುದಿಲ್ಲ. ಆದರೆ ಎದೆ ಹಿಡಿದುಕೊಂಡು ಕುಳಿತವನು ಅದರಲ್ಲಿ ತನ್ನನ್ನು ಗುರುತಿಸಿಕೊಳ್ಳಲಾರನು.

ತೇಜಸ್ವಿಯವರು ೨೦೦೭ರ ಏಪ್ರಿಲ್ ೫ರಂದು ಮೂಡಿಗೆರೆಯ ತಮ್ಮ ಮನೆ ‘ನಿರುತ್ತರ’ದಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅವರ ಜೀವನವನ್ನು ಹೇಳುವ ಯಾವ ಬರಹವೂ ಈ ವಾಕ್ಯವನ್ನು ಬಿಡಲಾರದು. ಪದವೂ ಅದರ ಹಳೆಯ ಕ್ರಿಯಾಪದವೂ ಇಲ್ಲಿ ಮತ್ತೆ ಜೊತೆಯಾಗಿಯೇ ಬರುತ್ತವೆ. ಆ ಒಂದು ಮರಣದಿಂದ ಯಾವ ಪಾಠವನ್ನೂ ಎಳೆಯಬೇಕಾಗಿಲ್ಲ. ಅವರು ಬಿಟ್ಟುಹೋದ ಗದ್ಯದಿಂದ ಪಾಠ ಕಲಿಯಬಹುದು.

೮

ಹಾಗಾದರೆ ‘ಹೃದಯಾಘಾತ’ವನ್ನು ಕೈಬಿಡಬೇಕೆ? ಅದು ಆಗದ ಮಾತು. ನಾಡಿನಲ್ಲೆಲ್ಲ ಬೇರೂರಿದ ಪದವನ್ನು ಸಮಿತಿಯೊಂದರ ತೀರ್ಮಾನದಿಂದ ಕೀಳಲಾಗುವುದಿಲ್ಲ. ಕಿತ್ತರೂ ಅದರ ಸ್ಥಾನಕ್ಕೆ ಬಂದದ್ದು ಇನ್ನಷ್ಟು ದುರ್ಬೋಧವಾಗಬಹುದು. ಪದ ಇರಲಿ; ಅದರ ಸಹವಾಸ ಬದಲಾಗಲಿ. ಅದಕ್ಕೆ ಬೇಕಾದ ಸಾಧನ ಕನ್ನಡದ ಕ್ರಿಯಾಪದದಲ್ಲಿಯೇ ಇದೆ. ‘ಹೃದಯಾಘಾತವಾಯಿತು’ ಎಂಬುದು ಭೂತಕಾಲ. ಕೆಲಸ ಮುಗಿದಿದೆ, ಮಾಡತಕ್ಕದ್ದು ಉಳಿದಿಲ್ಲ. ‘ಹೃದಯಾಘಾತವಾಗುತ್ತಿದೆ’ ಎಂಬುದು ನಡೆಯುತ್ತಿರುವ ಕಾಲ. ಅದರಲ್ಲಿ ಇನ್ನೂ ಹೊತ್ತಿದೆ, ಕರ್ತವ್ಯವಿದೆ. ರೋಗದ ನಿಜವಾದ ನಡೆಗೆ ಒಪ್ಪುವುದೂ ಎರಡನೆಯದೇ. ‘ಆಘಾತ’ ಎಂಬ ನಾಮಪದವು ಮುಚ್ಚಿದ ಕಾಲವನ್ನು ‘ಆಗುತ್ತಿದೆ’ ಎಂಬ ಕ್ರಿಯಾರೂಪವು ತೆರೆದುಕೊಡುತ್ತದೆ.

ನಿಘಂಟುಕಾರರು ‘ಹೃದಯಾಘಾತ’, ‘ಹೃದಯಸ್ತಂಭನ’ಗಳನ್ನು ಒಂದಕ್ಕೊಂದು ಅರ್ಥವಾಗಿ ಕೊಡದೆ ಬೇರೆಬೇರೆಯಾಗಿ ವಿವರಿಸಬೇಕು. ಪಠ್ಯಪುಸ್ತಕಗಳನ್ನು ಬರೆಯುವವರು ‘ನೋವು’ ಎಂಬ ಒಂದೇ ಮಾತಿಗೆ ಒತ್ತು, ಬಿಗಿ, ಭಾರ, ಸಂಕಟಗಳನ್ನು ಜೊತೆಮಾಡಬೇಕು. ಅಧ್ಯಾಪಕರು ಇವುಗಳ ಅಂತರವನ್ನು ತರಗತಿಯಲ್ಲಿ ಒಮ್ಮೆಯಾದರೂ ಹೇಳಬೇಕು. ಕಾಲಗಳ ಪಾಠಕ್ಕೆ ಉದಾಹರಣೆ ಬೇಕಾದಾಗ ಈ ಎರಡು ವಾಕ್ಯಗಳನ್ನು ಕರಿಹಲಗೆಯ ಮೇಲೆ ಬರೆಯಬಹುದು. ತರಗತಿಯಲ್ಲಿ ಕುಳಿತ ಹುಡುಗಿಯೊಬ್ಬಳು ಮಳೆಗಾಲದ ಒಂದು ರಾತ್ರಿ ಕಳಸದ ಸುತ್ತಣ ಯಾವುದೋ ಮನೆಯಲ್ಲಿ ಬೆವರುತ್ತ ಕುಳಿತ ತಂದೆಯ ಪಕ್ಕದಲ್ಲಿ ನಿಂತು ೧೦೮ಕ್ಕೆ ಕರೆ ಮಾಡಬೇಕಾಗಿ ಬಂದೀತು. ‘ಅಪ್ಪನಿಗೆ ಗ್ಯಾಸ್ ಆಗಿದೆ’ ಎಂದು ಹೇಳಿದರೆ ಒಂದು ಬಗೆಯ ಉತ್ತರ ಬರುತ್ತದೆ. ‘ಅಪ್ಪನಿಗೆ ಎದೆ ಒತ್ತುತ್ತಿದೆ, ಹೃದಯಾಘಾತವಾಗುತ್ತಿರಬಹುದು, ಇಸಿಜಿ ಆಗಬೇಕು’ ಎಂದರೆ ಬೇರೊಂದು ಬಗೆಯದು. ಆ ಎರಡನೆಯ ವಾಕ್ಯವನ್ನು ಆಕೆಯ ಬಾಯಿಗೆ ಒದಗಿಸುವುದು ಭಾಷೆಯನ್ನು ಕಲಿಸುವವರ ಕೈಯಲ್ಲಿದೆ.